ವಾಚು ಕಟ್ಟಿದರಷ್ಟೇ ಸಾಲದು: ಹಿರಿಯರು ಬೀಳದಂತೆ, ಬಿದ್ದರೆ ತಿಳಿಯುವಂತೆ ಹೊಂದಿಸುವ ಬಗೆ

ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿಗಿರುವ ಮಕ್ಕಳು ಹಬ್ಬಕ್ಕೆ ಕಲಬುರಗಿಗೆ ಬಂದಾಗ ತಂದೆ-ತಾಯಿಯ ಕೈಗೆ ಸ್ಮಾರ್ಟ್‌ವಾಚ್ ಕಟ್ಟಿ ಹೋಗುವುದು ಈಗ ರೂಢಿಯಾಗಿದೆ. ಆದರೆ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಬಿದ್ದದ್ದನ್ನು ಗುರುತಿಸುವ ಸೌಲಭ್ಯ ಚಾಲೂ ಆಗಿರುವುದಿಲ್ಲ. ಚಾಲೂ ಇದ್ದರೂ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟುವುದಿಲ್ಲ.

ಖರೀದಿಯ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿದರೆ ಸಾಕು: ಬಿದ್ದರೆ ಇದು ತಾನಾಗಿಯೇ ತಿಳಿಸುತ್ತದೆಯೇ? ಡಬ್ಬಿಯ ಮೇಲೆ ಬಿಪಿ, ಶುಗರ್ ಎಂದು ದೊಡ್ಡದಾಗಿ ಅಚ್ಚಾಗಿರುವ ಅಗ್ಗದ ವಾಚುಗಳನ್ನು ಮುಟ್ಟಲೇಬೇಡಿ. ಸೂಜಿ ಚುಚ್ಚದೆ ಸಕ್ಕರೆ ಪ್ರಮಾಣ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರಲ್ಲಿಯೇ ಎಚ್ಚರಿಸಿದೆ. ಅಂಥ ಸುಳ್ಳು ಅಂಕಿಯನ್ನು ನಂಬಿ ಮಾತ್ರೆ ಹೆಚ್ಚಿಸಿಕೊಂಡ ಹಿರಿಯರು ಸಕ್ಕರೆ ಇಳಿದು, ತಲೆಸುತ್ತಿ ಬೀಳುವ ಅಪಾಯವೇ ಹೆಚ್ಚು.

ಹೆಚ್ಚಿನವರು ಎಡವುವುದು ವಾಚನ್ನು ಹೊಂದಿಸುವಾಗ. ಮಗ ಅವಸರದಲ್ಲಿ ತನ್ನದೇ ಜನ್ಮದಿನಾಂಕ ತುಂಬುತ್ತಾನೆ. ಆಪಲ್ ವಾಚಿನಲ್ಲಿ 55 ದಾಟಿದವರಿಗೆ ಬಿದ್ದದ್ದನ್ನು ಗುರುತಿಸುವ ಸೌಲಭ್ಯ ತಾನಾಗಿಯೇ ಚಾಲೂ ಆಗುತ್ತದೆ. ವಯಸ್ಸು ಮೂವತ್ತೆಂದು ದಾಖಲಾದರೆ ದಿನವಿಡೀ ಕೆಲಸ ಮಾಡುವಂತೆ ನಾವೇ ಹೋಗಿ ಚಾಲೂ ಮಾಡಬೇಕಾಗುತ್ತದೆ. ಎರಡನೆಯದಾಗಿ, ಸ್ವಂತ ಸಿಮ್ ಇಲ್ಲದ ವಾಚು ಜೋಡಿಸಿದ ಫೋನನ್ನೇ ನೆಚ್ಚಿಕೊಂಡಿರುತ್ತದೆ. ಫೋನು ಪಡಸಾಲೆಯಲ್ಲಿ ಚಾರ್ಜಿಗಿದ್ದು, ಮುತ್ಯಾ ಹಿತ್ತಲಿನ ಬಚ್ಚಲಲ್ಲಿದ್ದರೆ, ನಡುವಿನ ದಪ್ಪ ಕಲ್ಲುಗೋಡೆಗಳನ್ನು ದಾಟಿ ಬ್ಲೂಟೂತ್ ಸಂಪರ್ಕ ಉಳಿಯುತ್ತದೆಂಬ ಭರವಸೆಯಿಲ್ಲ. ಪರೀಕ್ಷಿಸಲು ವಾಚನ್ನು ನೆಲಕ್ಕೆ ಕುಕ್ಕುವುದಾಗಲಿ, ತುರ್ತು ಕರೆಯ ಎಸ್‌ಒಎಸ್ ಗುಂಡಿ ಒತ್ತಿ 112ಕ್ಕೆ ಸುಮ್ಮನೆ ಕರೆ ಮಾಡುವುದಾಗಲಿ ಬೇಡ. ಬಚ್ಚಲಿನ ಬಾಗಿಲು ಹಾಕಿಕೊಂಡು, ವಾಚಿನಿಂದಲೇ ಮನೆಯವರೊಬ್ಬರಿಗೆ ಸಾಮಾನ್ಯ ಕರೆ ಮಾಡಿ ನೋಡಿ. ಕರೆ ಹೋಗದಿದ್ದರೆ ಫೋನಿನ ಜಾಗ ಬದಲಿಸಬೇಕು, ಇಲ್ಲವೇ ಸಿಮ್ ಇರುವ ವಾಚನ್ನೇ ಕೊಳ್ಳಬೇಕು. ನನ್ನ ಮತ ಎರಡನೆಯದಕ್ಕೆ.

ಇನ್ನು ತುರ್ತು ಸಂಪರ್ಕದ ಹೆಸರುಗಳು. ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಆಪಲ್ ವಾಚು ಎಚ್ಚರಿಕೆಯ ಸದ್ದು ಮಾಡಿ ತುರ್ತು ಸೇವೆಗೆ ಕರೆ ಮಾಡುತ್ತದೆ; ನಾವು ನಮೂದಿಸಿದವರಿಗೆ ಹೋಗುವುದು ಜಾಗದ ಗುರುತಿರುವ ಸಂದೇಶ. ಆದ್ದರಿಂದ ಮೊದಲ ಹೆಸರು ಬೆಂಗಳೂರಿನ ಮಗನದ್ದಾಗಿರಬಾರದು. ಹತ್ತು ನಿಮಿಷದಲ್ಲಿ ಮನೆ ಮುಟ್ಟಬಲ್ಲ, ಸಂದೇಶದ ಸದ್ದನ್ನು ಬಂದ್ ಮಾಡಿ ಮಲಗದ ನೆರೆಯವರದ್ದೋ ಬೀಗರದ್ದೋ ಇರಲಿ, ಮಗನದ್ದು ಎರಡನೆಯದಾಗಿರಲಿ. ಬಂದವರ ಕೈಯಲ್ಲಿ ಕೀಲಿಯಿದ್ದರೂ ಒಳಗಿನಿಂದ ಚಿಲಕ ಹಾಕಿದ್ದರೆ ಪ್ರಯೋಜನವಿಲ್ಲ. ರಾತ್ರಿ ಹೊರಗಿನಿಂದಲೂ ಕೀಲಿ ತಿರುಗಿಸಿ ತೆಗೆಯಬಹುದಾದ ಬೀಗವನ್ನಷ್ಟೇ ಹಾಕುವ ಅಭ್ಯಾಸ ಮಾಡಿಸಬೇಕು.

ಚಾರ್ಜಿಗೆ ರಾತ್ರಿಯ ಹೊತ್ತು ಸಲ್ಲದು, ಏಕೆಂದರೆ ನಿದ್ದೆಗಣ್ಣಿನಲ್ಲಿ ಶೌಚಕ್ಕೆ ಎದ್ದಾಗಲೇ ವಾಚು ಕೈಯಲ್ಲಿರಬೇಕು. ಸಂಜೆ ಟಿವಿ ಮುಂದೆ ಕುಳಿತಿರುವಾಗ ಚಾರ್ಜ್ ಮಾಡಿ. ಪಟ್ಟಿ ಬಿಗಿಯಾಗಿರಲಿ, ಗುರುತು ಮೂಡುವಷ್ಟಲ್ಲ.

ಇಷ್ಟೆಲ್ಲ ಬಿದ್ದ ಮೇಲಿನ ಮಾತು. ಬೀಳದಂತೆ ತಡೆಯಲು ವಾಚಿನ ಹೆಜ್ಜೆ ಲೆಕ್ಕವನ್ನು ವಾರಕ್ಕೊಮ್ಮೆ ನೋಡಬೇಕು. ಅದು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಂಡಿನೋವೋ, ಕಣ್ಣಿನ ಪೊರೆಯೋ, ಹೊಸ ಮಾತ್ರೆಯೋ ಕಾರಣವಿದ್ದೀತು. ಐಫೋನು 2021ರಿಂದ ನಡಿಗೆಯ ಸ್ಥಿರತೆಯನ್ನೂ ಅಂದಾಜಿಸುತ್ತದೆ, ಆದರೆ ಅದಕ್ಕೆ ಫೋನು ಸೊಂಟದ ಬಳಿಯ ಕಿಸೆಯಲ್ಲಿರಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೈಯ ನೀರಿನಂಶ ಇಳಿದು, ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುವವರು ಬಹಳ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ತೋಳಿಗೆ ಕಟ್ಟುವ ಯಂತ್ರದಿಂದ ಬಿಪಿ ನೋಡಿ, ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದ್ದರೆ ಅದು ಸವೆದು ನುಣುಪಾದ ಜಾಗದಲ್ಲಿ ಜಾರದ ರಬ್ಬರ್ ಹಾಸು ಹಾಕಿ, ಗೋಡೆಗೆ ಹಿಡಿಕೆ ಕೂಡಿಸಿ.

ಗೋಡೆ ಹಿಡಿದು ಮೆಲ್ಲಗೆ ಕುಸಿದವರನ್ನು ವಾಚು ಗುರುತಿಸದೆಯೂ ಇರಬಹುದು, ಅದು ಕಾಯುವುದು ಜೋರಾದ ಪೆಟ್ಟಿಗೆ. ಹಾಗಾಗಿ ಎಸ್‌ಒಎಸ್ ಗುಂಡಿ ಎಲ್ಲಿದೆ, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂಬುದನ್ನು ಅವರ ಬೆರಳಿಗೇ ರೂಢಿ ಮಾಡಿಸಿ; ಫೋನನ್ನೋ ಸಿಮ್ಮನ್ನೋ ಬದಲಿಸಿದ ದಿನ ಬಚ್ಚಲಿನಿಂದ ಮತ್ತೊಮ್ಮೆ ಕರೆ ಮಾಡಿ ನೋಡಿ.