ಕ್ಯಾನ್ಸರ್‌ಪೂರ್ವ ಮಚ್ಚೆ: ಮುಲಾಮು ಹಚ್ಚುವ ಕ್ರಮ

ಎಚ್‌ಐವಿ ಇರುವ ಮಹಿಳೆಯರ ಬಾಹ್ಯ ಜನನಾಂಗದ ಚರ್ಮದಲ್ಲಿ ಕ್ಯಾನ್ಸರ್‌ಪೂರ್ವ ಮಚ್ಚೆಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಬಹುಪಾಲು ಇದು ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್‌ನ, ಅದರಲ್ಲೂ 16ನೇ ತಳಿಯ ಕೆಲಸ. ಬಿಳಿ, ಕೆಂಪು ಇಲ್ಲವೇ ಕಪ್ಪು ಉಬ್ಬು, ಬಿಡದ ತುರಿಕೆ. ತುರಿಕೆ ಎಂದೊಡನೆ ಫಂಗಸ್ ಎಂದು ತಾವೇ ತೀರ್ಮಾನಿಸಿ, ಸ್ಟಿರಾಯ್ಡ್ ಬೆರೆತ ಟ್ಯೂಬ್ ತಿಕ್ಕುತ್ತಾ ತಿಂಗಳುಗಟ್ಟಲೆ ಕಳೆಯುವವರನ್ನು ನೋಡಿ ಸಾಕಾಗಿದೆ. ಆ ಟ್ಯೂಬನ್ನು ಮೊದಲು ಬಿಸಾಡಿ.

ಮೊದಲು ಬಯಾಪ್ಸಿ. ಜಾಗ ಮರಗಟ್ಟಿಸಿ ಚರ್ಮದ ಚೂರು ತೆಗೆಯುತ್ತಾರೆ. ಕ್ಯಾನ್ಸರ್ ಆಗಲೇ ಒಳಗಿಳಿದಿದ್ದರೆ ಮುಲಾಮೂ ಲೇಸರೂ ತಪ್ಪು ಚಿಕಿತ್ಸೆ. ಅದೇ ಭೇಟಿಯಲ್ಲಿ ಗರ್ಭಕಂಠ, ಯೋನಿ, ಗುದದ್ವಾರವನ್ನೂ ತೋರಿಸಿ.

ಕ್ಯಾನ್ಸರ್ ಶಂಕೆ ಉಳಿದರೆ ಕತ್ತರಿಸಿ ತೆಗೆಯುವುದೇ ಸರಿ. ತೆಗೆದ ಚರ್ಮವನ್ನು ಪರೀಕ್ಷಿಸಬಹುದು. ಲೇಸರ್ ಸುಟ್ಟ ಮೇಲೆ ಪರೀಕ್ಷೆಗೆ ಏನೂ ಉಳಿಯದು.

ಶೇ 5ರ ಇಮಿಕ್ವಿಮಾಡ್ ಮುಲಾಮು ಬರೆದುಕೊಟ್ಟರೆ, ಹೆಚ್ಚಿನವರು ಎಡವುವುದು ಇಲ್ಲೇ. ಇದು ಮಚ್ಚೆಯನ್ನು ಸುಡುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನು ಅಲ್ಲಿಗೆ ಕೆರಳಿಸುತ್ತದೆ. ಆದ್ದರಿಂದ ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪಿಸುತ್ತಾ ಇದನ್ನು ಹಚ್ಚಿ ಫಲ ನಿರೀಕ್ಷಿಸಬೇಡಿ. ಸಾಮಾನ್ಯವಾಗಿ ವಾರಕ್ಕೆ ಮೂರು ರಾತ್ರಿ, ನಡುವೆ ಬಿಡುವು. ಒಮ್ಮೆ ತಪ್ಪಿತೆಂದು ಮರುದಿನ ದುಪ್ಪಟ್ಟು ಹಚ್ಚಬೇಡಿ. ಜಾಗ ತೊಳೆದು ಪೂರ್ತಿ ಒಣಗಿಸಿ, ಕೈಗನ್ನಡಿ ಹಿಡಿದು ಮಚ್ಚೆಯ ಮೇಲಷ್ಟೇ ತೆಳುವಾಗಿ ಸವರಿ. ಬೆರಳೇ ಸಾಕು, ಹತ್ತಿ ಅರ್ಧ ಮುಲಾಮನ್ನು ತಾನೇ ಕುಡಿಯುತ್ತದೆ. ಯೋನಿಯ ಒಳಗೆ ಹಾಕಬೇಡಿ. ಆರರಿಂದ ಹತ್ತು ಗಂಟೆಯ ಬಳಿಕ ನೀರು, ಸೌಮ್ಯ ಸೋಪಿನಿಂದ ತೊಳೆಯಿರಿ. ಸುಗಂಧದ ‘ಇಂಟಿಮೇಟ್ ವಾಶ್’ ಬೇಡವೇ ಬೇಡ. ಮುಲಾಮು ಮೈಮೇಲಿರುವಾಗ ಸಂಭೋಗ ಬೇಡ, ಅದು ಕಾಂಡೋಮನ್ನು ದುರ್ಬಲಗೊಳಿಸುತ್ತದೆ.

ಕೆಂಪಾಗಿ ಉರಿಯುವುದು ನಿರೀಕ್ಷಿತ. ಅದು ಅಲರ್ಜಿಯೆಂದು ಮುಲಾಮನ್ನೇ ಎಸೆಯುವವರೂ ಇದ್ದಾರೆ, ಚರ್ಮ ಸುಲಿದು ಮೂತ್ರ ಮಾಡಲಾಗದಿದ್ದರೂ ಹಲ್ಲುಕಚ್ಚಿ ಹಚ್ಚುವವರೂ ಇದ್ದಾರೆ. ಎರಡೂ ತಪ್ಪು. ಸುಲಿದರೆ ಕೆಲವು ದಿನ ನಿಲ್ಲಿಸಿ, ವೈದ್ಯರನ್ನು ಕೇಳಿ ಮತ್ತೆ ಆರಂಭಿಸಿ. ಚಿಕಿತ್ಸೆ ತಿಂಗಳುಗಳ ಕೆಲಸ, ಎರಡು ವಾರಕ್ಕೆ ತೀರ್ಪು ಕೊಡಬೇಡಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಧೂಮಪಾನ ಬಿಡಿ. ಎಚ್‌ಐವಿ ಇದ್ದವರಲ್ಲಿ ಮಚ್ಚೆ ಮರುಕಳಿಸುವುದು ಹೆಚ್ಚು. ಹಾಗಾಗಿ ಮಾಯವಾದ ಮೇಲೂ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ನಡುವೆ ಗಟ್ಟಿ ಗಂಟು ಅಥವಾ ವಾಸಿಯಾಗದ ಹುಣ್ಣು ಕಂಡರೆ ಆ ದಿನಾಂಕಕ್ಕೆ ಕಾಯಬೇಡಿ.