ಮೊಬೈಲ್ ಕರೆಯನ್ನು ರೆಕಾರ್ಡ್ ಮಾಡಿ ಬರಹಕ್ಕೆ ಇಳಿಸುವ ಬಗೆ

ಫೋನಿನಲ್ಲಿ ಆಡಿದ ಮಾತನ್ನು ಬರಹದಲ್ಲಿ ಉಳಿಸಿಕೊಳ್ಳಬೇಕಾದ ಅಗತ್ಯ ಸಂದರ್ಶನ ಮಾಡುವವರಿಗೆ, ಸಂಶೋಧಕರಿಗೆ, ಕರೆಯಲ್ಲೇ ವ್ಯವಹಾರ ಕುದುರಿಸುವವರಿಗೆ ಮೇಲಿಂದ ಮೇಲೆ ಬರುತ್ತದೆ. ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶಗಳು ಈಗ ಸುಲಭವಾಗಿ ಸಿಗುವುದರಿಂದ, ಯಾವುದು ಒಳ್ಳೆಯದು ಎಂಬ ಹುಡುಕಾಟದಲ್ಲೇ ಹೆಚ್ಚಿನವರ ಸಮಯ ಕಳೆಯುತ್ತದೆ. ಆದರೆ ಬರಹ ಬಹುಮಟ್ಟಿಗೆ ಕೆಡುವುದು ಬರೆಯುವಾಗ ಅಲ್ಲ, ಧ್ವನಿ ಹಿಡಿಯುವಾಗ. ರೆಕಾರ್ಡಿಂಗಿನಲ್ಲಿ ಇಲ್ಲದ ಅಕ್ಷರವನ್ನು ಯಾವ ತಂತ್ರಾಂಶವೂ ಹುಡುಕಿಕೊಡಲಾರದು. ಕೊಟ್ಟರೆ ಅದು ಊಹೆಯಷ್ಟೆ. ಆದ್ದರಿಂದ ಶ್ರಮದ ಹೆಚ್ಚಿನ ಪಾಲನ್ನು ಕರೆಗೆ ಮೊದಲು ಮತ್ತು ಕರೆಯ ಹೊತ್ತಿನಲ್ಲೇ ಹಾಕುವುದು ಲೇಸು.

ಎಲ್ಲಕ್ಕಿಂತ ಮೊದಲಿನದು ಒಪ್ಪಿಗೆ. ಮಾತನಾಡುತ್ತಿರುವವರಲ್ಲಿ ಒಬ್ಬರ ಒಪ್ಪಿಗೆ ಸಾಕೆನ್ನುವ ಕಾನೂನುಗಳಿವೆ, ಎಲ್ಲರದೂ ಬೇಕೆನ್ನುವ ಕಾನೂನುಗಳೂ ಇವೆ; ಅಮೆರಿಕದ ಒಕ್ಕೂಟ ಕಾನೂನು ಮೊದಲ ಬಗೆಯದಾದರೆ, ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಗೆ ಎರಡನೆಯದು ಅನ್ವಯಿಸುತ್ತದೆ. ಎರಡು ಪ್ರದೇಶಗಳ ನಡುವಿನ ಕರೆಯಾದರೆ ಹೆಚ್ಚು ಬಿಗಿಯಾದ ನಿಯಮವನ್ನು ಪಾಲಿಸುವುದು ಕ್ಷೇಮಕರ. ಕರೆಗೆ ಮೊದಲೇ ಸಂದೇಶದಲ್ಲಿ ಒಮ್ಮೆ ಕೇಳಿ, ರೆಕಾರ್ಡಿಂಗ್ ಆರಂಭವಾದ ಮೇಲೆ ಇನ್ನೊಮ್ಮೆ ಕೇಳಬೇಕು: "ಈ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡು ಬರೆದಿಡುತ್ತೇನೆ, ತಮ್ಮ ಒಪ್ಪಿಗೆ ಇದೆಯೇ?" ಎಂದು ಕೇಳಿ, ಅಂದಿನ ದಿನಾಂಕವನ್ನೂ ಇಬ್ಬರ ಹೆಸರನ್ನೂ ಸ್ಪಷ್ಟವಾಗಿ ಹೇಳಿಬಿಟ್ಟರೆ ಒಪ್ಪಿಗೆ ಕಡತದೊಳಗೇ ಉಳಿಯುತ್ತದೆ. ಇಬ್ಬರ ದನಿಯೂ ಆರಂಭದಲ್ಲೇ ಬಿಡಿಬಿಡಿಯಾಗಿ ಸಿಗುವುದರಿಂದ, ಮುಂದೆ ಯಾವ ಮಾತು ಯಾರದೆಂದು ಗುರುತಿಸುವುದಕ್ಕೂ ಇದು ನೆರವಾಗುತ್ತದೆ.

ಕರೆಯನ್ನು ಹಿಡಿಯಲು ಅತ್ಯಂತ ಸರಳವಾದ ದಾರಿ ಫೋನಿನಲ್ಲೇ ಇರುವ ಸೌಲಭ್ಯ. ಐಫೋನಿನಲ್ಲಿ ಇದು 2024ರ ಅಕ್ಟೋಬರಿನಲ್ಲಿ ಬಂದ ಐಒಎಸ್ 18.1ರೊಂದಿಗೆ ಸೇರಿತು. ಕರೆಯ ನಡುವೆ ಗುಂಡಿ ಒತ್ತಿದರೆ ಎರಡೂ ಕಡೆಯವರಿಗೆ ಘೋಷಣೆ ಕೇಳಿಸುತ್ತದೆ, ಕರೆ ಮುಗಿದ ಮೇಲೆ ಧ್ವನಿ ನೋಟ್ಸ್ ಆಪಿನಲ್ಲಿ ಸಿಗುತ್ತದೆ. ಕೆಲವು ಭಾಷೆಗಳಲ್ಲಿ ಬರಹವೂ ಜೊತೆಗೇ ಬರುತ್ತದೆ. ಆಂಡ್ರಾಯ್ಡಿನಲ್ಲಿ ಗೂಗಲ್ ಫೋನ್ ಆಪ್ ಹಾಗೂ ಹಲವು ತಯಾರಕರು ಕರೆ ಮಾಡಲೆಂದು ಕೊಡುವ ಸ್ವಂತ ಡಯಲರ್‌ಗಳಲ್ಲಿ ಈ ಸೌಲಭ್ಯವಿದೆ. ಎರಡು ಬಗೆಯ ಫೋನುಗಳಲ್ಲೂ ಕೆಲವು ದೇಶಗಳಲ್ಲಿ ಇದು ಕಾಣಿಸಿಕೊಳ್ಳುವುದೇ ಇಲ್ಲವಾದ್ದರಿಂದ, ಮುಖ್ಯವಾದ ಕರೆಯ ಹಿಂದಿನ ದಿನವೇ ಸೆಟ್ಟಿಂಗ್ಸ್ ತೆರೆದು, ಪರಿಚಿತರೊಬ್ಬರಿಗೆ ಕರೆ ಮಾಡಿ, ಬಂದ ಕಡತವನ್ನು ಕೇಳಿ ನೋಡುವುದು ಅಗತ್ಯ. ಎಷ್ಟೋ ಬಾರಿ ಕಡತ ಇರುತ್ತದೆ, ಅದರಲ್ಲಿ ನಮ್ಮ ದನಿ ಮಾತ್ರ ಇರುತ್ತದೆ.

ಫೋನಿನಲ್ಲಿ ಸೌಲಭ್ಯ ಇಲ್ಲದವರು ಸಹಜವಾಗಿಯೇ ಬೇರೆ ಆಪ್ ಹುಡುಕುತ್ತಾರೆ. ಈ ದಾರಿಯ ಬಗ್ಗೆ ನನಗೆ ಭರವಸೆ ಕಡಿಮೆ. ಆಂಡ್ರಾಯ್ಡಿನ ಇತ್ತೀಚಿನ ಆವೃತ್ತಿಗಳಲ್ಲಿ ಹೊರಗಿನ ಆಪ್‌ಗಳಿಗೆ ಕರೆಯ ಧ್ವನಿ ಸಿಗುವುದಿಲ್ಲ; ಅಂಗವಿಕಲರ ಅನುಕೂಲಕ್ಕೆಂದು ಕೊಟ್ಟಿರುವ ಆಕ್ಸೆಸಿಬಿಲಿಟಿ ಅನುಮತಿಯನ್ನು ಬಳಸಿ ಕೆಲವು ಆಪ್‌ಗಳು ಒಳದಾರಿ ಕಂಡುಕೊಂಡಿದ್ದವು, ಆದರೆ 2022ರ ಮೇ 11ರಿಂದ ಗೂಗಲ್ ಪ್ಲೇ ನಿಯಮಗಳು ಅದನ್ನೂ ನಿಷೇಧಿಸಿದವು. ಮೂರನೆಯ ಸಂಖ್ಯೆಯೊಂದನ್ನು ಕರೆಗೆ ಸೇರಿಸಿಕೊಂಡು ರೆಕಾರ್ಡ್ ಮಾಡುವ ಸೇವೆಗಳು ಕೆಲಸ ಮಾಡುತ್ತವೆ ನಿಜ, ಆದರೆ ಮಾತುಕತೆಯೆಲ್ಲ ಬೇರೊಬ್ಬರ ಸರ್ವರ್ ಸೇರುತ್ತದೆ ಎಂಬುದನ್ನು ಎದುರಿನವರಿಗೆ ತಿಳಿಸದೆ ಅವನ್ನು ಬಳಸಬಾರದು.

ಉಳಿಯುವುದು ಎರಡನೆಯ ಸಾಧನದ ವಿಧಾನ. ನೋಡಲು ಒರಟಾಗಿ ಕಂಡರೂ ಯಾವ ಫೋನಿನಲ್ಲಾದರೂ ನಡೆಯುವುದು ಇದೊಂದೇ. ಕರೆಯನ್ನು ಸ್ಪೀಕರಿಗೆ ಹಾಕಿ, ಇನ್ನೊಂದು ಫೋನನ್ನೋ ಧ್ವನಿ ರೆಕಾರ್ಡರನ್ನೋ ಪಕ್ಕದಲ್ಲಿಟ್ಟು ಹಿಡಿಯಬೇಕು. ಅದೇ ಫೋನಿನ ರೆಕಾರ್ಡರ್ ಆಪನ್ನು ತೆರೆದರೆ ಸಾಮಾನ್ಯವಾಗಿ ಮೌನ ಬಿಟ್ಟು ಬೇರೇನೂ ಸಿಗುವುದಿಲ್ಲ. ರೆಕಾರ್ಡರಿನ ಮೈಕು ಫೋನಿನ ಸ್ಪೀಕರಿನ ಕಡೆಗೆ, ಒಂದು ಗೇಣಿನೊಳಗಿರಬೇಕು; ಎರಡೂ ಒಂದೇ ಮೇಜಿನ ಮೇಲಿದ್ದರೆ ಕಂಪನ ಗುಂಯ್ಗುಡುವುದರಿಂದ ಅಡಿಯಲ್ಲಿ ಮಡಚಿದ ಬಟ್ಟೆಯೊಂದನ್ನು ಹಾಕಬೇಕು. ಸ್ಪೀಕರಿನ ಧ್ವನಿಯನ್ನು ಪೂರ್ತಿ ಏರಿಸುವುದು ತಪ್ಪು: ತುತ್ತತುದಿಯಲ್ಲಿ ಶಬ್ದ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಪಡಿಸಲಾಗದು. ಕೋಣೆಯಲ್ಲಿ ಪರದೆ, ಹಾಸಿಗೆ, ಪುಸ್ತಕಗಳಿದ್ದಷ್ಟೂ ಪ್ರತಿಧ್ವನಿ ಕಡಿಮೆ. ಸ್ಪೀಕರ್ ಹಾಕಲಾಗದ ಕಡೆ, ಕಿವಿಯೊಳಗೆ ಇಟ್ಟುಕೊಳ್ಳುವ ಸಣ್ಣ ಮೈಕನ್ನು ರೆಕಾರ್ಡರಿಗೆ ಜೋಡಿಸಿ ಫೋನನ್ನು ಆ ಕಿವಿಗೇ ಹಿಡಿದು ಮಾತನಾಡಿದರೆ ಇಬ್ಬರ ದನಿಯೂ ಸಾಕಷ್ಟು ಚೆನ್ನಾಗಿ ದಾಖಲಾಗುತ್ತದೆ.

ಇಷ್ಟೆಲ್ಲ ಮಾಡಿದರೂ ದೂರವಾಣಿಯ ಧ್ವನಿ ಎದುರಾಬದುರು ಕುಳಿತು ಆಡಿದ ಮಾತಿನಂತಿರುವುದಿಲ್ಲ, ಏಕೆಂದರೆ ಹಳೆಯ ಮಾದರಿಯ ಸಂಪರ್ಕ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸ, ಶ, ಫ ಮುಂತಾದವುಗಳನ್ನು ಬೇರ್ಪಡಿಸುವ ಸುಳಿವು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. 4ಜಿ ಜಾಲದ ಮೂಲಕ ಕರೆ ಸಾಗಿಸುವ ವೋಲ್ಟಿಯಂತಹ ಹೊಸ ಸಂಪರ್ಕದಲ್ಲಿ ಸಾಮಾನ್ಯವಾಗಿ ಸುಮಾರು 7000 ಹರ್ಟ್ಸ್‌ವರೆಗೆ ಸಿಗುತ್ತದೆ, ಆದರೆ ಎರಡೂ ಕಡೆ ಆ ಸೌಲಭ್ಯ ಇರಬೇಕು. ಆದ್ದರಿಂದ ಹೆಸರು, ಮೊತ್ತ, ದಿನಾಂಕ ಬಂದಾಗಲೆಲ್ಲ ಕರೆಯಲ್ಲೇ ಮರುನುಡಿಯಬೇಕು. "ಇಪ್ಪತ್ತು" ಮತ್ತು "ಎಪ್ಪತ್ತು" ಎಂಬವುಗಳ ನಡುವಿನ ವ್ಯತ್ಯಾಸವೆಲ್ಲ ಮೊದಲ ಸ್ವರದಲ್ಲಿದೆ. ಮೌನದ ನಂತರ ಮಾತು ಆರಂಭವಾಗುವಾಗ ಆ ಮೊದಲ ಸ್ವರವೇ ಕತ್ತರಿಸಿಹೋದರೆ ಎಷ್ಟು ಸಲ ಕೇಳಿದರೂ ಯಾವುದೆಂದು ತಿಳಿಯದು. "ಎರಡು ಸೊನ್ನೆಯೋ, ಏಳು ಸೊನ್ನೆಯೋ?" ಎಂದು ಆಗಲೇ ಕೇಳಿಬಿಟ್ಟರೆ ಮುಗಿಯಿತು. ಎದುರಿನವರು ಮಾತನಾಡುವಾಗ "ಹೌದು ಹೌದು", "ಹ್ಞೂಂ" ಎಂದು ಮೇಲೆ ಬೀಳುವ ಅಭ್ಯಾಸವನ್ನೂ ಬಿಡಬೇಕು, ಒಂದರ ಮೇಲೊಂದು ಬಿದ್ದ ದನಿಗಳನ್ನು ಬಿಡಿಸುವುದು ಬಹಳ ಕಷ್ಟ.

ಕರೆ ಮುಗಿದ ಕೂಡಲೇ ಮೂಲ ಕಡತಕ್ಕೆ ದಿನಾಂಕ ಮುಂದಿರುವಂತೆ ಹೆಸರಿಟ್ಟು, ಬೇರೊಂದು ಕಡೆ ಪ್ರತಿ ಮಾಡಿ, ಮುಂದಿನ ಕೆಲಸವನ್ನೆಲ್ಲ ಪ್ರತಿಯ ಮೇಲೆಯೇ ಮಾಡಬೇಕು. ಕೆಲವು ಡಯಲರ್‌ಗಳಲ್ಲಿ ಹಳೆಯ ರೆಕಾರ್ಡಿಂಗ್ ತಾನಾಗಿಯೇ ಅಳಿಯುವ ಆಯ್ಕೆ ಇರುತ್ತದೆ, ಅದನ್ನು ನೋಡಿಕೊಳ್ಳಬೇಕು. ಪ್ರತಿಯನ್ನು ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ತೆರೆದು ಧ್ವನಿಯ ಮಟ್ಟವನ್ನು ಸಮ ಮಾಡಿದರೆ ಸಾಕು. ಗದ್ದಲ ತೆಗೆಯುವ ಸೌಲಭ್ಯವನ್ನು ಹೆಚ್ಚು ಬಳಸಿದರೆ ಗದ್ದಲದ ಜೊತೆ ವ್ಯಂಜನಗಳೂ ತೊಳೆದುಹೋಗುತ್ತವೆ.

ಇನ್ನು ಬರಹ. ಸ್ಪಷ್ಟವಾದ ಒಂದು ಗಂಟೆಯ ಧ್ವನಿಯನ್ನು ಕೈಯಿಂದ ಟೈಪ್ ಮಾಡಲು ಸಾಮಾನ್ಯವಾಗಿ ನಾಲ್ಕು ಗಂಟೆ ಬೇಕಾಗುತ್ತದೆ, ಹಾಗಾಗಿ ಮೊದಲ ಕರಡನ್ನು ಯಂತ್ರಕ್ಕೆ ಬಿಡುವುದರಲ್ಲಿ ತಪ್ಪಿಲ್ಲ. 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಮುಕ್ತವಾಗಿ ಬಿಡುಗಡೆ ಮಾಡಿದ ವಿಸ್ಪರ್ ಎಂಬ, ಧ್ವನಿಯನ್ನು ಬರಹಕ್ಕೆ ಇಳಿಸುವ ಮಾದರಿಯನ್ನು ಸ್ವಂತ ಕಂಪ್ಯೂಟರಿನಲ್ಲೇ ಓಡಿಸಬಹುದು. ಧ್ವನಿ ಹೊರಗೆ ಹೋಗದಿರುವುದು ಇದರ ದೊಡ್ಡ ಅನುಕೂಲ. ಅದು ಕನ್ನಡವನ್ನೂ ಗುರುತಿಸುತ್ತದೆ, ಆದರೆ ಇಂಗ್ಲಿಷಿನಷ್ಟು ನಿಖರವಾಗಿ ಅಲ್ಲ. ಬಳಸುವಾಗ ಭಾಷೆ ಯಾವುದೆಂದು ನಾವೇ ಸೂಚಿಸಬೇಕು, ಇಲ್ಲವಾದರೆ ಅದು ಮೊದಲ 30 ಸೆಕೆಂಡುಗಳನ್ನು ಕೇಳಿ ಭಾಷೆಯನ್ನು ನಿರ್ಧರಿಸುತ್ತದೆ, ಆರಂಭದ ಕುಶಲ ವಿಚಾರಣೆ ಇಂಗ್ಲಿಷಿನಲ್ಲಿದ್ದರೆ ಮುಂದಿನದೆಲ್ಲ ಹದಗೆಡುತ್ತದೆ. ಮಾತಿನಲ್ಲಿ ಬರುವ ಹೆಸರುಗಳನ್ನು ಮೊದಲೇ ಸೂಚನೆಯಾಗಿ ಕೊಡುವ ಅವಕಾಶವೂ ಇದೆ. ದೀರ್ಘ ಮೌನವಿರುವ ಕಡೆ ಈ ಮಾದರಿ ಯಾರೂ ಆಡದ ವಾಕ್ಯಗಳನ್ನು ಸೇರಿಸುವುದುಂಟು, ಒಂದೇ ಸಾಲನ್ನು ಹತ್ತಾರು ಬಾರಿ ಬರೆಯುವುದೂ ಉಂಟು. ಅಂಥ ಮೌನಗಳನ್ನು ಪ್ರತಿಯಿಂದ ಮೊದಲೇ ಕತ್ತರಿಸಬಹುದು, ಆದರೆ ಕತ್ತರಿಸಿದರೆ ಬರಹದ ಸಮಯ ಮೂಲದ ಸಮಯಕ್ಕೆ ಹೊಂದುವುದಿಲ್ಲ. ನನ್ನ ಮಟ್ಟಿಗೆ ಮೌನವನ್ನು ಹಾಗೆಯೇ ಬಿಟ್ಟು ತಿದ್ದುವಾಗ ಎಚ್ಚರ ವಹಿಸುವುದೇ ಮೇಲು.

ತಿದ್ದುವುದೆಂದರೆ ಕರಡನ್ನು ಓದುವುದಲ್ಲ, ಧ್ವನಿಯನ್ನು ಕೇಳುತ್ತ ಕರಡಿನ ಮೇಲೆ ಕಣ್ಣಾಡಿಸುವುದು. ಯಂತ್ರದ ತಪ್ಪುಗಳು ಸೊಗಸಾದ ವಾಕ್ಯಗಳಾಗಿರುವುದರಿಂದ ಬರೀ ಓದಿದರೆ ಕಾಣಿಸುವುದಿಲ್ಲ. ಕನ್ನಡದಲ್ಲಿ ಪದದ ಕೊನೆಯನ್ನು ವಿಶೇಷವಾಗಿ ಗಮನಿಸಬೇಕು. "ದುಡ್ಡು ಕೊಡಲಾ" ಎಂಬ ಪ್ರಶ್ನೆ "ದುಡ್ಡು ಕೊಡಲ್ಲ" ಎಂಬ ನಿರಾಕರಣೆಯಾಗಿ ಬಿಡಬಹುದು. "ನೋಡ್ಕೋತೀನಿ" ಎಂದು ಒಬ್ಬರು ಹೊತ್ತ ಹೊಣೆ "ನೋಡ್ಕೋತೀವಿ" ಎಂದಾಗಿ ಹಲವರ ತಲೆಗೆ ಹೋಗಬಹುದು. ಸಂದೇಹ ಬಂದ ಕಡೆ ವೇಗವನ್ನು ಮುಕ್ಕಾಲಿಗೆ ಇಳಿಸಿ, ಸ್ಪೀಕರ್ ಬಿಟ್ಟು ಹೆಡ್‌ಫೋನಿನಲ್ಲಿ ಕೇಳಬೇಕು. ಆಗಲೂ ತಿಳಿಯದಿದ್ದರೆ ಊಹಿಸಿ ತುಂಬದೆ, ತಿಳಿಯಲಿಲ್ಲವೆಂದೇ ಗುರುತು ಹಾಕಬೇಕು. ಬರಹ ಹೀಗಿದ್ದರೆ ಸಾಕು:

[04:12] ಪ್ರಶ್ನೆ: ಬಾಕಿ ಯಾವಾಗ ಬರುತ್ತೆ?
[04:15] ಉತ್ತರ: ಮುಂದಿನ ವಾರ ನಾನೇ (ಕೇಳಿಸುತ್ತಿಲ್ಲ, ಸುಮಾರು 2 ಸೆಕೆಂಡು) ಕಳಿಸ್ತೀನಿ.

"ಅದು", "ಅಂದ್ರೆ", "ಮತ್ತೆ" ಎಂಬ ತಡವರಿಕೆಗಳನ್ನು ಉಳಿಸಬೇಕೇ ಬೇಡವೇ ಎಂಬುದು ಬರಹದ ಉದ್ದೇಶವನ್ನು ಅವಲಂಬಿಸುತ್ತದೆ. ವಿವಾದಕ್ಕೋ ಭಾಷಾ ಅಧ್ಯಯನಕ್ಕೋ ಆದರೆ ಎಲ್ಲವೂ ಇರಬೇಕು, ಲೇಖನಕ್ಕಾದರೆ ತೆಗೆಯಬಹುದು. ಯಾವ ಕ್ರಮ ಅನುಸರಿಸಲಾಗಿದೆ ಎಂದು ಬರಹದ ತಲೆಯಲ್ಲೇ ಒಂದು ಸಾಲು ಬರೆದಿರಬೇಕು. ಆಡುಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದುವುದಂತೂ ಕೂಡದು, ಏಕೆಂದರೆ "ನೋಡೋಣ ಬಿಡಿ" ಎಂಬುದನ್ನು "ಪರಿಶೀಲಿಸಲಾಗುವುದು" ಎಂದು ಬರೆದ ಕ್ಷಣ ಆಡಿದವರು ಕೊಡದ ಭರವಸೆಯೊಂದು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಸಾಧ್ಯವಾದರೆ ಮುಗಿದ ಬರಹವನ್ನು ಎದುರಿನವರಿಗೆ ಕಳುಹಿಸಿ, ಹೆಸರು ಮತ್ತು ಅಂಕಿಗಳನ್ನು ಅವರಿಂದಲೇ ಖಚಿತಪಡಿಸಿಕೊಳ್ಳಬೇಕು. ಧ್ವನಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂಬುದನ್ನೂ ಅದೇ ಪತ್ರದಲ್ಲಿ ತಿಳಿಸಿ, ಆ ಅವಧಿ ಮುಗಿದಾಗ ಫೋನಿನಲ್ಲಿರುವುದನ್ನಷ್ಟೇ ಅಲ್ಲದೆ ಕಂಪ್ಯೂಟರಿನ ಪ್ರತಿ, ಕ್ಲೌಡಿಗೆ ತಾನಾಗಿ ಏರಿದ ಪ್ರತಿ, ಅಳಿಸಿದವುಗಳ ಬುಟ್ಟಿಯಲ್ಲಿ ಉಳಿದ ಪ್ರತಿ ಎಲ್ಲವನ್ನೂ ಹುಡುಕಿ ತೆಗೆಯಬೇಕು.