ಯಾವ ಎಣ್ಣೆ ಯಾವ ಕೆಲಸಕ್ಕೆ

ಅಡುಗೆಮನೆಯ ಎಣ್ಣೆಯನ್ನು ಮನೆಯ ಬೇರೆ ಕೆಲಸಕ್ಕೆ ಬಳಸುವ ಮೊದಲು ಅದರ ಒಂದು ಗುಣ ತಿಳಿದಿರಬೇಕು. ಸೂರ್ಯಕಾಂತಿ, ಸೋಯಾ ಎಣ್ಣೆಗಳನ್ನು ತೆಳ್ಳಗೆ ಸವರಿ ಬಿಟ್ಟರೆ ಗಾಳಿ ತಾಗಿ ದಿನ ಕಳೆದಂತೆ ಅಂಟಂಟಾಗುತ್ತವೆ. ಕೊಬ್ಬರಿ ಎಣ್ಣೆ ಮತ್ತು ಹರಳೆಣ್ಣೆ ಸುಲಭಕ್ಕೆ ಹಾಗಾಗುವುದಿಲ್ಲ.

ಅಂಟಾಗುವ ಗುಣವೇ ದೋಸೆ ಕಾವಲಿಗೆ ಬೇಕಾದದ್ದು. ಹೊಸ ಕಬ್ಬಿಣದ ಕಾವಲಿಯನ್ನು ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ತೇವ ಆರಿಸಿ. ಬೆಚ್ಚಗಿರುವಾಗಲೇ ಅರ್ಧ ಚಮಚ ಸೂರ್ಯಕಾಂತಿ ಎಣ್ಣೆಯನ್ನು ಹತ್ತಿ ಬಟ್ಟೆಯಿಂದ ಎಲ್ಲ ಕಡೆ ಸವರಿ. ಆಮೇಲೆ ಒಣಬಟ್ಟೆಯಿಂದ, ಹಚ್ಚಿದ್ದನ್ನೆಲ್ಲ ತೆಗೆದುಹಾಕುವ ಹಾಗೆ ಒರೆಸಿ. ಉಳಿದ ತೆಳು ಪದರವೇ ಸಾಕು. ಕಿಟಕಿ ತೆರೆದು, ಮಧ್ಯಮ ಉರಿಯಲ್ಲಿ ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ ಆರಲು ಬಿಡಿ. ಹೀಗೆ 4–5 ಸಲ ಮಾಡಿದರೆ ಕಾವಲಿ ಕಪ್ಪಗೆ ನುಣುಪಾಗುತ್ತದೆ. ಹೆಚ್ಚಿನವರು ಎಡವುವುದು ಎಣ್ಣೆ ಜಾಸ್ತಿ ಹಚ್ಚಿ: ದಪ್ಪ ಪದರ ಒಳಗಿನವರೆಗೆ ಗಟ್ಟಿಯಾಗದೆ ಜಿಗುಟಾಗಿ ಉಳಿದು, ದೋಸೆ ಅಲ್ಲೇ ಹಿಡಿದುಕೊಳ್ಳುತ್ತದೆ. ಹಾಗಾದರೆ ಎಣ್ಣೆ ಹಾಕದೆ ಇನ್ನೊಮ್ಮೆ ಕಾಯಿಸಿ. ಆಗಲೂ ಜಿಗುಟು ಹೋಗದಿದ್ದರೆ ತಿಕ್ಕಿ ಮೊದಲಿನಿಂದ ಶುರುಮಾಡುವುದೇ ದಾರಿ. ಈ ಕೆಲಸಕ್ಕೆ ಕೊಬ್ಬರಿ ಎಣ್ಣೆ ಬೇಡ, ಪದರ ಗಟ್ಟಿಯಾಗಿ ಕೂರುವುದಿಲ್ಲ. ಹುಣಸೆಹುಳಿ, ಟೊಮೆಟೊ ಬಿದ್ದರೆ ಮಾಡಿದ ಪದರ ಕಿತ್ತುಬರುತ್ತದೆ.

ಕೊಬ್ಬರಿ ಎಣ್ಣೆಯ ಜಾಗ ಈಳಿಗೆಮಣೆ. ತೊಳೆದು, ಪೂರ್ತಿ ಒಣಗಿಸಿ, ಅಲಗಿಗೆ ಎರಡು ಹನಿ ಸವರಿಟ್ಟರೆ ಮಳೆಗಾಲದಲ್ಲೂ ತುಕ್ಕು ಬೇಗ ಹಿಡಿಯದು. ಒದ್ದೆಯ ಮೇಲೆ ಹಚ್ಚಿದರೆ ನೀರು ಎಣ್ಣೆಯ ಕೆಳಗೆ ಉಳಿದು ತುಕ್ಕು ಅಲ್ಲೇ ಶುರುವಾಗುತ್ತದೆ. ಹಲಸು ಬಿಡಿಸುವಾಗಲೂ ಅಷ್ಟೇ, ಕೈಗೂ ಚಾಕುವಿಗೂ ಮೊದಲೇ ಹಚ್ಚಿಕೊಳ್ಳಿ. ಮೇಣ ಮೆತ್ತಿಕೊಂಡ ಮೇಲೆ ನೀರು ಹಾಕಬಾರದು. ಎಣ್ಣೆಯಲ್ಲಿ ಉಜ್ಜಿ, ಕಡಲೆಹಿಟ್ಟಿನಿಂದ ತೊಳೆಯಿರಿ. ಹೊಸ ಸ್ಟೀಲ್ ಪಾತ್ರೆಯ ಬೆಲೆಚೀಟಿಯ ಅಂಟಿಗೂ ಎಣ್ಣೆ ಸವರಿ ಹತ್ತು ನಿಮಿಷ ಬಿಡುವುದೇ ಉಪಾಯ.

ಕಿರ್ರೆನ್ನುವ ಬಾಗಿಲ ಕೀಲಿಗೆ ಹರಳೆಣ್ಣೆ ವಾಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಕೀಲು ಮತ್ತೆ ಬಿಗಿಯುತ್ತದೆ. ಕೀಲಿಗೆ ಎರಡು ಹನಿ ಬಿಟ್ಟು, ಬಾಗಿಲನ್ನು ಹತ್ತಿಪ್ಪತ್ತು ಸಲ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿ. ಹೊಲಿಗೆ ಯಂತ್ರಕ್ಕೆ ಮಾತ್ರ ಅಡುಗೆ ಎಣ್ಣೆ ಯಾವುದೂ ಬೇಡ, ಯಂತ್ರದ ಎಣ್ಣೆಯೇ ಬೇಕು. ಬೀಗದೊಳಗೆ ಎಣ್ಣೆ ಬಿಟ್ಟರೆ ಧೂಳು ಕಟ್ಟುತ್ತದೆ. ಅಲ್ಲಿಗೆ ಪೆನ್ಸಿಲ್ ಸೀಸದ ಪುಡಿ ಒಳ್ಳೆಯದು.

ಹರಳೆಣ್ಣೆಯ ದೊಡ್ಡ ಉಪಕಾರ ಕಾಳಿನ ಡಬ್ಬಿಯಲ್ಲಿದೆ. ಹೆಸರುಕಾಳು, ಅಲಸಂದೆ, ತೊಗರಿಬೇಳೆಯನ್ನು ಒಂದು ದಿನ ಚುರುಕು ಬಿಸಿಲಿಗೆ ಹರವಿ, ತಣ್ಣಗಾದ ಮೇಲೆ ಕಿಲೋಗೆ ಒಂದು ಟೀ ಚಮಚದಂತೆ, ಅಂದರೆ 5 ಮಿ.ಲೀ., ತಿನ್ನಲು ಯೋಗ್ಯವಾದ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ. ಪ್ರತಿ ಕಾಳೂ ಮಿರುಗಬೇಕು, ತಟ್ಟೆಯಲ್ಲಿ ಎಣ್ಣೆ ನಿಲ್ಲಬಾರದು. ಹುಳ ಕಾಳಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎಣ್ಣೆಯ ಪದರ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ. ಆದರೆ ಆಗಲೇ ಕಾಳಿನೊಳಗೆ ಕೊರೆದು ಸೇರಿದ ಹುಳವನ್ನು ಎಣ್ಣೆ ಮುಟ್ಟದು. ಹಾಗಾಗಿ ಬಿಸಿಲು ತಪ್ಪಿಸಬೇಡಿ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ.

ಗಿಡದ ಬಿಳಿ ಹಿಟ್ಟುತಿಗಣೆಗೆ ಬೇವಿನ ಎಣ್ಣೆ. ಒಂದು ಟೀ ಚಮಚ ಎಣ್ಣೆಗೆ ಪಾತ್ರೆ ತೊಳೆಯುವ ದ್ರವ ಕಾಲು ಚಮಚ ಸೇರಿಸಿ ಕಲಕಿ, ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ. ಹಾಲಿನಂತೆ ಬೆಳ್ಳಗಾಗಬೇಕು. ಎಣ್ಣೆ ಮೇಲೆ ತೇಲಿದರೆ ಸಿಂಪಡಿಸಬೇಡಿ, ಎಲೆ ಸುಡುತ್ತದೆ. ಒಂದೆರಡು ಎಲೆಗೆ ಹಾಕಿ ಮರುದಿನ ನೋಡಿ. ನಂತರ ಹೊಸದಾಗಿ ಕಲಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಕಲಸಿದ್ದನ್ನು ಅಂದೇ ಮುಗಿಸಿ.

ಬೋಂಡ ಕರಿದು ಕಪ್ಪಾದ ಎಣ್ಣೆಯಲ್ಲಿ ಉಪ್ಪು, ಹಿಟ್ಟಿನ ಕಣಗಳಿರುತ್ತವೆ. ಸೋಸದೆ ಗುದ್ದಲಿಗೆ ಸವರಿದರೆ ತುಕ್ಕಿಗೆ ಕರೆದಂತೆ. ಸಿಂಕಿಗಂತೂ ಸುರಿಯಬೇಡಿ, ಕೊಳವೆಯಲ್ಲಿ ಜಿಡ್ಡು ಕಟ್ಟುತ್ತದೆ. ಹಳೆ ಪೇಪರಿಗೆ ಹೀರಿಸಿ ಕಸಕ್ಕೆ ಹಾಕಿ. ಸೂರ್ಯಕಾಂತಿ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಒಳಗೊಳಗೇ ಕಾವು ಏರಿ ಬೆಂಕಿ ಹತ್ತಬಹುದು. ಹರವಿ ಆರಿಸಿ, ಅಥವಾ ಕೂಡಲೇ ಸೋಪಿನಲ್ಲಿ ಒಗೆಯಿರಿ.